ಕೋಟೆ ನೋಡಿ ನಾಗರಿಕತೆ ಅಳೀಬೇಡಿ

"ನಿಮ್ಮ ಕೇರಿಗೆ ಎಂಥ ಇತಿಹಾಸ ಇದೆಯಪ್ಪಾ?" ಅಂತ ಕೇಳೋರು ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆ ಇವತ್ತೂ ಇದ್ದಾರೆ. ಅವರ ಪ್ರಕಾರ ನಮ್ಮ ಭಾಗದ ಇತಿಹಾಸ ಅಂದ್ರೆ ಪಾಳೇಗಾರರು, ಚನ್ನಗಿರಿ ಕೋಟೆ, ಸಂತೆಬೆನ್ನೂರಿನ ಪುಷ್ಕರಣಿ. ಗೆಳೆಯರೇ, ನನ್ನ ಅಳತೆಗೋಲು ಬೇರೆ. ಒಂದು ನಾಗರಿಕತೆಯ ತತ್ವ ಕಟ್ಟಕಡೆಯ ಮನುಷ್ಯನನ್ನ ಎಲ್ಲಿ ಕೂರಿಸಿತು ಅಂತ ನೋಡಿ. ಅದು ಏರುತ್ತಿತ್ತೋ ಇಳಿಯುತ್ತಿತ್ತೋ ತಾನಾಗೇ ಗೊತ್ತಾಗುತ್ತೆ.

ಜಗಳೂರು ದಾಟಿ ಪೂರ್ವಕ್ಕೆ ಹೋದರೆ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ. ಅಲ್ಲಿನ ಅಶೋಕನ ಶಾಸನವನ್ನು 1892ರಲ್ಲಿ ಬಿ.ಎಲ್. ರೈಸ್ ಪತ್ತೆ ಮಾಡಿದರು. ಕ್ರಿ.ಪೂ. 3ನೇ ಶತಮಾನದಲ್ಲಿ ಇಸಿಲ ಅನ್ನೋ ಊರಿನ ಅಧಿಕಾರಿಗಳಿಗೆ ಬಂದ ಆಜ್ಞೆ ಅದು. ಅದರ ತಿರುಳು: ಧರ್ಮದ ಫಲ ದೊಡ್ಡವರಿಗಷ್ಟೇ ಮೀಸಲಲ್ಲ, ಪ್ರಯತ್ನಪಟ್ಟರೆ ಸಣ್ಣವನಿಗೂ ಸಿಗುತ್ತೆ. ಕರ್ನಾಟಕದ ನೆಲದಲ್ಲಿ ಸಿಕ್ಕ ಅತಿ ಹಳೆಯ ಬರಹಗಳಲ್ಲಿ ಒಂದು ಹೀಗೆ ಮಾತಾಡುತ್ತೆ. ಹುಟ್ಟಿನ ಲೆಕ್ಕ ಅದರಲ್ಲಿಲ್ಲ.

ಈ ಕಡೆ ಹೊನ್ನಾಳಿ, ನ್ಯಾಮತಿಯಿಂದ ಪಶ್ಚಿಮಕ್ಕೆ ಹೋದರೆ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿ. ಕಾಳಾಮುಖ ಶೈವರ ಕೋಡಿಮಠ ಅಲ್ಲಿತ್ತು. 1162ರ ಶಾಸನದ ಪ್ರಕಾರ ಆ ಶೈವಮಠದಲ್ಲಿ ನ್ಯಾಯ, ಸಾಂಖ್ಯದ ಜೊತೆ ಬೌದ್ಧ ದರ್ಶನವನ್ನೂ ಓದುತ್ತಿದ್ದರು. ಕುಂಟರು, ಕುರುಡರು, ದಿಕ್ಕಿಲ್ಲದವರಿಗೆ ಅನ್ನ ಇತ್ತು, ರೋಗಿಗಳಿಗೆ ಔಷಧಿ ಇತ್ತು. ಎದುರಾಳಿಯ ಮಾತನ್ನ ಕೂತು ಓದುವ ಧೈರ್ಯ ಇದ್ದ ಕಾಲ ಅದು. ಏರುವ ನಾಗರಿಕತೆ ಹಾಗಿರುತ್ತೆ.

ಆದರೆ ಅನ್ನ ಹಾಕೋದು ಬೇರೆ, ಪಕ್ಕದಲ್ಲಿ ಕೂರಿಸಿಕೊಂಡು ಮಾತು ಕೇಳೋದು ಬೇರೆ. ಆ ಎರಡನೇ ಹೆಜ್ಜೆ ಇಟ್ಟದ್ದು ಅದೇ ಕಾಲದ ಕಲ್ಯಾಣ. ಬಳ್ಳಿಗಾವಿಯವನೆಂದು ಹೇಳುವ ಅಲ್ಲಮ ಅಲ್ಲಿಗೆ ಹೋದ. ಡೋಹಾರ ಕಕ್ಕಯ್ಯ, ಸಮಗಾರ ಹರಳಯ್ಯ ಅಲ್ಲಿ ಶರಣರಾದರು. ಬಸವಣ್ಣ ತನ್ನನ್ನು ಮಾದಾರ ಚೆನ್ನಯ್ಯನ ಮನೆಮಗ ಅಂತ ಕರೆದುಕೊಂಡ. ತತ್ವ ಮಾತಲ್ಲೇ ಇರೋತನಕ ಎಲ್ಲರಿಗೂ ಚೆಂದ. ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಮದುವೆ ಆಯ್ತು ನೋಡಿ, ಆಗ ಇಬ್ಬರೂ ಅಪ್ಪಂದಿರನ್ನ ಕೊಂದರು ಅಂತ ಶರಣರ ಕತೆಗಳು ಹೇಳುತ್ತವೆ. ಬಿಜ್ಜಳ ಹೋದ ಮೇಲೆ ಇಪ್ಪತ್ತು ವರ್ಷ ತುಂಬುವ ಮುಂಚೆ ಕಲಚೂರಿಗಳ ಆಳ್ವಿಕೆಯೇ ಮುಗೀತು. ಅದಕ್ಕೆ ಇದೊಂದೇ ಕಾರಣ ಅಂತ ನಾನು ಹೇಳಲ್ಲ, ಸುತ್ತ ಶತ್ರು ರಾಜರೂ ಇದ್ದರು. ಆದರೆ ಮನುಷ್ಯರನ್ನ ಕೂಡಿಸುವ ಶಕ್ತಿ ಕಳಕೊಂಡ ರಾಜ್ಯದ ಪರವಾಗಿ ಯಾರು ನಿಲ್ತಾರೆ?

ಬಾಬಾಸಾಹೇಬರು ಭಾರತದ ಚರಿತ್ರೆಯನ್ನ ಬೌದ್ಧರ ಕ್ರಾಂತಿ ಮತ್ತು ಬ್ರಾಹ್ಮಣ್ಯದ ಪ್ರತಿಕ್ರಾಂತಿಯ ಸಂಘರ್ಷ ಅಂತ ಓದಿದರು. ನಮ್ಮ ಸುತ್ತಮುತ್ತಲ ಕಲ್ಲುಗಳನ್ನೇ ಓದಿದರೂ ಅದು ಕಾಣುತ್ತೆ.

ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ ನೋಡಿ. ಕೆರೆಗೆ ಜಾಗ ಬಿಟ್ಟುಕೊಟ್ಟ ಹೆಣ್ಣುಮಕ್ಕಳು, ತಮ್ಮ ಹೆಸರೇ ಇರಬೇಕು ಅಂತ ಕೇಳಿದರಂತೆ. ಇದು ಜನ ಹೇಳುವ ಕತೆ. ಈಗ ಅದು ಶಾಂತಿಸಾಗರ. ಜಾಗ ಕೊಟ್ಟವರ ಹೆಸರೇ ಹಿಂದೆ ಸರಿಯಿತು; ಮಣ್ಣು ಹೊತ್ತವರ ಹೆಸರಂತೂ ಎಲ್ಲೂ ಇಲ್ಲ. ಹಳೇ ಮೈಸೂರಿನ ಹಳ್ಳಿಗಳಲ್ಲಿ ಗಡಿ ತಕರಾರು ಬಂದರೆ ಹೊಲೆಯರ ಕುಳವಾಡಿಯ ಮಾತೇ ಕೊನೇ ಮಾತು. ಊರಿನ ಗಡಿ ಬಲ್ಲವನೇ ಊರಿಂದ ಹೊರಗಿರಬೇಕಿತ್ತು! ಇಂಥ ಸಮಾಜ ಎಷ್ಟು ದೊಡ್ಡ ಕೆರೆ ಕಟ್ಟಿದರೂ ಒಳಗೆ ಬತ್ತುತ್ತಿತ್ತು ಅಂತಲೇ ನನ್ನ ವಾದ.

1938ರಲ್ಲಿ ಹರಿಹರದಲ್ಲಿ ಹುಟ್ಟಿದ ಪ್ರೊ. ಬಿ. ಕೃಷ್ಣಪ್ಪನವರು 70ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಕಟ್ಟಿ, ಭೂಮಿ ಮತ್ತು ಮರ್ಯಾದೆ ಎರಡನ್ನೂ ಒಟ್ಟಿಗೆ ಕೇಳಿದರು. ಬ್ರಹ್ಮಗಿರಿಯಿಂದ ಕಲ್ಯಾಣದವರೆಗೆ ಬಂದ ಮಾತು ಅಲ್ಲಿ ಮತ್ತೆ ಜೀವ ಪಡೀತು. ಅದೇ ನಮ್ಮ ಇತಿಹಾಸ, ನಮ್ಮ ಕೇರಿಯ ಇತಿಹಾಸ.

ಈಗ ತುಂಗಭದ್ರೆಯ ನೀರಿಂದ ಜಗಳೂರಿನ 57 ಕೆರೆ ತುಂಬಿಸುವ ಯೋಜನೆ ಇದೆ. ಬರದ ನಾಡಿಗೆ ನೀರು ಬರಲಿ, ಸಂತೋಷ. ಆದರೆ ಕೆರೆ ತುಂಬಿದ ಮೇಲೆ ಆ ನೀರು ಯಾರ ಹೊಲಕ್ಕೆ? ಕೆರೆ ಕೆಳಗೆ ನಮ್ಮೋರಿಗೆ ಎಷ್ಟು ಗುಂಟೆ ಇದೆ? ನಿಮ್ಮ ನಿಮ್ಮ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ. ಇವತ್ತಿನ ನಾಗರಿಕತೆಗೂ ಅಳತೆಗೋಲು ಅದೇ.

ಜೈ ಭೀಮ್.