ಹಳೆಯ ವ್ಯಾನ್‌ಗೆ ಎಂಜಿನ್ ಆಯಿಲ್: ದಪ್ಪವೇ ಮದ್ದಲ್ಲ

ಸುರಪುರ ತಾಲ್ಲೂಕಿನ ದೇವಾಪುರದಂತಹ ಊರುಗಳಲ್ಲಿ ಮಾರುತಿ ಓಮ್ನಿ ಇನ್ನೂ ನಿವೃತ್ತಿ ಪಡೆದಿಲ್ಲ. ಮೆಣಸಿನಕಾಯಿ ಚೀಲ, ಸಂತೆಯ ತರಕಾರಿ, ಮದುವೆಗೆ ಹೊರಟ ಬೀಗರು, ತಿಂಥಣಿ ಮೌನೇಶ್ವರನ ಜಾತ್ರೆಗೆ ಹೋಗುವ ಕುಟುಂಬ ಎಲ್ಲಕ್ಕೂ ಅದೇ ಗಾಡಿ. 1984ರಲ್ಲಿ ‘ಮಾರುತಿ ವ್ಯಾನ್’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂದು, 1988ರಲ್ಲಿ ಓಮ್ನಿ ಎನಿಸಿಕೊಂಡ ಈ ವಾಹನದ ತಯಾರಿಕೆ 2019ರಲ್ಲಿ ನಿಂತಿತು. ಆದ್ದರಿಂದ ಇಂದು ರಸ್ತೆಯಲ್ಲಿರುವ ಪ್ರತಿಯೊಂದು ಓಮ್ನಿಯೂ ಹಳೆಯದೇ. ಅದರ 796 ಸಿ.ಸಿ. ಸಾಮರ್ಥ್ಯದ ಮೂರು ಸಿಲಿಂಡರ್ ಎಂಜಿನ್‌ಗೆ ಯಾವ ಆಯಿಲ್ ಹಾಕಬೇಕೆಂಬ ಪ್ರಶ್ನೆಗೆ ಗ್ಯಾರೇಜಿಗೊಂದು ಉತ್ತರ ಸಿಗುತ್ತದೆ.

ಹೆಚ್ಚಾಗಿ ಕೇಳಿಬರುವ ಉತ್ತರವೆಂದರೆ ‘ಗಾಡಿ ಹಳತಾಗಿದೆ, ದಪ್ಪ ಆಯಿಲ್ ಹಾಕಿ’ ಎಂಬುದು. ಇದರಲ್ಲಿ ಅರ್ಧ ಸತ್ಯವಿದೆ. ಉಳಿದರ್ಧವನ್ನು ನಂಬಿದವರು ಎಂಜಿನ್ ಬೋರಿಗೆ ಬಂದ ಮೇಲೆ ಹಲವು ಪಟ್ಟು ಹಣ ತೆರಬೇಕಾಗುತ್ತದೆ.

ಡಬ್ಬಿಯ ಮೇಲಿನ ಅಂಕಿಗಳು

‘20ಡಬ್ಲ್ಯು-40’ ಎಂಬಲ್ಲಿ ಡಬ್ಲ್ಯು ಅಕ್ಷರವು ಚಳಿಗಾಲವನ್ನು ಸೂಚಿಸುತ್ತದೆ. ಅದರ ಹಿಂದಿನ ಅಂಕಿ ಕಡಿಮೆಯಾದಷ್ಟೂ ಕೊರೆಯುವ ಚಳಿಯಲ್ಲಿ ಆಯಿಲ್ ಸುಲಭವಾಗಿ ಹರಿಯುತ್ತದೆ. ಹಾಗೆಂದು 20ಡಬ್ಲ್ಯು ಆಯಿಲ್ ನಮ್ಮಲ್ಲಿ ಕೆಲಸ ಮಾಡದೆಂದು ಅಳುಕಬೇಕಿಲ್ಲ. ಅದರ ಚಳಿಯ ಪರೀಕ್ಷೆ ನಡೆಯುವುದೇ ಶೂನ್ಯಕ್ಕಿಂತ 15 ಡಿಗ್ರಿ ಕೆಳಗೆ. ಯಾದಗಿರಿ ಜಿಲ್ಲೆಯ ಪುಷ್ಯಮಾಸದ ಮುಂಜಾವು ಅದರ ಹತ್ತಿರಕ್ಕೂ ಸುಳಿಯುವುದಿಲ್ಲ. ‘5ಡಬ್ಲ್ಯು’, ‘0ಡಬ್ಲ್ಯು’ ಎಂದು ಹೆಚ್ಚು ಹಣ ಕೊಟ್ಟು ಹಳೆಯ ಓಮ್ನಿಗೆ ತಂದು ಸುರಿಯುವುದರಿಂದ ಇಲ್ಲಿ ವಿಶೇಷ ಲಾಭವಿಲ್ಲ.

ನಮಗೆ ಮುಖ್ಯವಾದುದು ಎರಡನೆಯ ಅಂಕಿ. 100 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 40ರ ದರ್ಜೆಯ ಆಯಿಲ್‌ನ ಸ್ನಿಗ್ಧತೆ 12.5ರಿಂದ 16.3 ಸೆಂಟಿಸ್ಟೋಕ್ಸ್, 50ರ ದರ್ಜೆಯದು 16.3ರಿಂದ 21.9 ಸೆಂಟಿಸ್ಟೋಕ್ಸ್. ಏಪ್ರಿಲ್-ಮೇ ತಿಂಗಳಲ್ಲಿ ಪಾದರಸ 40 ಡಿಗ್ರಿ ದಾಟುವುದು ಈ ಭಾಗದಲ್ಲಿ ವಾಡಿಕೆ. ಜೊತೆಗೆ ಓಮ್ನಿಯ ಎಂಜಿನ್ ಇರುವುದು ಮುಂದಿನ ಸೀಟಿನ ಕೆಳಗೆ. ಬೇಸಿಗೆಯಲ್ಲಿ ಅದನ್ನು ಓಡಿಸಿದವರಿಗೆ ಆ ಶಾಖದ ಬಗ್ಗೆ ಬೇರೆಯವರು ಹೇಳಬೇಕಾಗಿಲ್ಲ. ಹೀಗಾಗಿ ಎಂಜಿನ್ ಸುಸ್ಥಿತಿಯಲ್ಲಿದ್ದರೆ ವಾಹನದ ಕೈಪಿಡಿ ಒಪ್ಪುವ ಮಿತಿಯೊಳಗೆ 20ಡಬ್ಲ್ಯು-40 ಅಥವಾ 15ಡಬ್ಲ್ಯು-40 ಸರಿಯಾದ ಆಯ್ಕೆ. ಬಹಳ ಓಡಿದ, ಆಯಿಲ್ ಒತ್ತಡ ಇಳಿದಿರುವ ಎಂಜಿನ್‌ಗೆ ಬೇಸಿಗೆಯ ಮಟ್ಟಿಗೆ 20ಡಬ್ಲ್ಯು-50 ಬಳಸುವುದರಲ್ಲಿ ತಪ್ಪಿಲ್ಲ. ಗ್ಯಾರೇಜಿನ ಮಾತಿನಲ್ಲಿರುವ ಅರ್ಧ ಸತ್ಯ ಇದೇ. ಅದಕ್ಕೂ ದಪ್ಪದ್ದನ್ನು ಹಾಕಿದರೆ ಸಣ್ಣ ಎಂಜಿನ್ ಬಳಲುತ್ತದೆ, ಪೆಟ್ರೋಲ್ ಖರ್ಚು ಏರುತ್ತದೆ, ಸ್ಟಾರ್ಟ್ ಮಾಡಿದ ಮೊದಲ ಕ್ಷಣಗಳಲ್ಲಿ ಆಯಿಲ್ ಮೇಲಿನ ಕ್ಯಾಮ್‌ಶಾಫ್ಟ್‌ವರೆಗೆ ತಲುಪಲು ತಡವಾಗುತ್ತದೆ.

ಅಕ್ಷರಗಳ ಲೆಕ್ಕ

ಡಬ್ಬಿಯ ಮೇಲೆ ‘ಎಪಿಐ’ ಎಂಬುದರ ಪಕ್ಕದ ಅಕ್ಷರಗಳು ಗುಣಮಟ್ಟವನ್ನು ತಿಳಿಸುತ್ತವೆ. ‘ಎಸ್’ನಿಂದ ಆರಂಭವಾದರೆ ಪೆಟ್ರೋಲ್ ಎಂಜಿನ್‌ಗೆ, ‘ಸಿ’ಯಿಂದ ಆರಂಭವಾದರೆ ಡೀಸೆಲ್ ಎಂಜಿನ್‌ಗೆ. ಎರಡನೆಯ ಅಕ್ಷರ ಮುಂದೆ ಹೋದಂತೆ ದರ್ಜೆ ಹೊಸದು. ಎಸ್‌ಎಲ್ 2001ರಲ್ಲಿ, ಎಸ್‌ಎನ್ 2010ರಲ್ಲಿ, ಎಸ್‌ಪಿ 2020ರಲ್ಲಿ ಬಂದವು. ಎಸ್‌ಎಚ್ ಹಾಗೂ ಅದಕ್ಕಿಂತ ಹಿಂದಿನವು ರದ್ದಾದ ದರ್ಜೆಗಳು. ಅಗ್ಗಕ್ಕೆ ಸಿಗುವ ಎಸ್‌ಎಫ್ ಡಬ್ಬಿಯನ್ನು ‘ಹಳೆಯ ಗಾಡಿಗೆ ಹಳೆಯ ಆಯಿಲ್’ ಎಂದು ಕೊಳ್ಳುವ ಅಗತ್ಯವಿಲ್ಲ.

ಹೊಸ ದರ್ಜೆಗಳಲ್ಲಿ ಸವೆತ ತಡೆಯುವ ಸತು-ರಂಜಕದ ಅಂಶ ಕಡಿಮೆ, ಆದ್ದರಿಂದ ಹಳೆಯ ಎಂಜಿನ್‌ಗೆ ಅವು ಅಪಾಯ ಎಂಬ ಮಾತೂ ಇದೆ. ರಂಜಕದ ಆ ಮಿತಿ ಇರುವುದು 5ಡಬ್ಲ್ಯು-30, 10ಡಬ್ಲ್ಯು-30 ಮುಂತಾದ ತೆಳು ದರ್ಜೆಗಳಿಗೆ. 20ಡಬ್ಲ್ಯು-40ಕ್ಕೆ ಅದು ಅನ್ವಯಿಸುವುದಿಲ್ಲವಾದ್ದರಿಂದ ಓಮ್ನಿ ಮಾಲೀಕರು ನಿಶ್ಚಿಂತರಾಗಿರಬಹುದು.

ಕೃಷಿಕರ ಮನೆಗಳಲ್ಲಿ ಇನ್ನೊಂದು ಪ್ರಮಾದ ನಡೆಯುತ್ತದೆ. ಟ್ರ್ಯಾಕ್ಟರ್‌ಗೆ ತಂದ ಆಯಿಲ್ ಮೂಲೆಯಲ್ಲಿ ಉಳಿದಿರುತ್ತದೆ, ಅದನ್ನೇ ವ್ಯಾನ್‌ಗೂ ಹಾಕಲಾಗುತ್ತದೆ. ಡಬ್ಬಿಯ ಮೇಲೆ ‘ಸಿಐ-4’ ಜೊತೆಗೆ ‘ಎಸ್‌ಎಲ್’ ಎಂದೂ ಮುದ್ರಿತವಾಗಿದ್ದರೆ ಅದು ಎರಡಕ್ಕೂ ಆಗುತ್ತದೆ. ‘ಸಿ’ ಸಾಲಿನ ಅಕ್ಷರಗಳು ಮಾತ್ರ ಇದ್ದರೆ ಪೆಟ್ರೋಲ್ ವ್ಯಾನ್‌ಗೆ ಬಳಸಬಾರದು. ಟಾಟಾ ಏಸ್, ಕ್ರೂಸರ್‌ಗಳಂತಹ ಡೀಸೆಲ್ ವಾಹನಗಳ ವಿಷಯ ಬೇರೆ. ಅವುಗಳ ಮಾಲೀಕರು ‘ಸಿ’ ಸಾಲನ್ನೇ ನೋಡಬೇಕು.

ಹೊಗೆ ಏನು ಹೇಳುತ್ತದೆ

ದಪ್ಪ ಆಯಿಲ್ ಹಾಕಿಸುವ ಮುನ್ನ ಸೈಲೆನ್ಸರ್ ಕಡೆಗೊಮ್ಮೆ ನೋಡಬೇಕು. ರಾತ್ರಿಯಿಡೀ ನಿಂತ ಗಾಡಿ ಬೆಳಿಗ್ಗೆ ಸ್ಟಾರ್ಟ್ ಆದೊಡನೆ ನೀಲಿ ಹೊಗೆ ಉಗುಳಿ ಬಳಿಕ ಸುಮ್ಮನಾದರೆ ವಾಲ್ವ್ ಸೀಲ್ ಗಟ್ಟಿಯಾಗಿರುವ ಸಾಧ್ಯತೆ ಹೆಚ್ಚು. ಅದು ಸಣ್ಣ ರಿಪೇರಿ. ಲೋಡ್ ಹೊತ್ತು ಏರು ಹತ್ತುವಾಗ ನೀಲಿ ಹೊಗೆ ನಿಲ್ಲದೆ ಬಂದರೆ ಪಿಸ್ಟನ್ ರಿಂಗ್ ಸವೆದಿದೆಯೆಂದು ತಿಳಿಯಬೇಕು. 20ಡಬ್ಲ್ಯು-50 ಆಗ ಹೊಗೆಯನ್ನು ಕೆಲವು ತಿಂಗಳು ಮರೆಮಾಚೀತು, ಸವೆತವನ್ನು ನಿಲ್ಲಿಸದು. ಕಪ್ಪು ಹೊಗೆಗೆ ಕಾರಣ ಕಾರ್ಬುರೇಟರ್ ಅಥವಾ ಏರ್ ಫಿಲ್ಟರ್, ಆಯಿಲ್ ಅಲ್ಲ. ಎರೆಮಣ್ಣಿನ ಹೊಲದ ದಾರಿಗಳಲ್ಲಿ ಓಡಾಡುವ ಗಾಡಿಯ ಏರ್ ಫಿಲ್ಟರ್ ಬಹುಬೇಗ ಕಟ್ಟಿಕೊಳ್ಳುತ್ತದೆ. ಫಿಲ್ಟರ್ ಹರಿದು ಧೂಳು ಒಳನುಗ್ಗಿದರಂತೂ ಎಷ್ಟು ದುಬಾರಿ ಆಯಿಲ್ ಹಾಕಿದರೂ ರಿಂಗ್ ಉಳಿಯುವುದಿಲ್ಲ.

ಅಂದಾಜಿಗಿಂತ ಅಳತೆ ಮೇಲು. ಸಮತಟ್ಟು ನೆಲದಲ್ಲಿ, ಎಂಜಿನ್ ಆರಿಸಿ ಕೆಲ ನಿಮಿಷ ಬಿಟ್ಟು, ಡಿಪ್‌ಸ್ಟಿಕ್‌ನ ಮೇಲಿನ ಗೆರೆಯವರೆಗೆ ಆಯಿಲ್ ತುಂಬಬೇಕು. ಸಾವಿರ ಕಿ.ಮೀ. ಓಡಿಸಿದ ಬಳಿಕ ಅದೇ ಗೆರೆಗೆ ತರಲು ಎಷ್ಟು ಹಿಡಿಯಿತೆಂದು ಬರೆದಿಡಬೇಕು. ಕಾಲು ಲೀಟರ್‌ನ ಆಸುಪಾಸು ಇದ್ದರೆ ಹಳೆಯ ಎಂಜಿನ್‌ನೊಂದಿಗೆ ಹೊಂದಿಕೊಂಡು ಹೋಗಬಹುದು. ಅರ್ಧ ಲೀಟರ್ ಮೀರಿದರೆ ಕಂಪ್ರೆಷನ್ ಪರೀಕ್ಷೆ ಮಾಡಿಸುವುದೇ ಜಾಣತನ ಎಂಬುದು ಈ ಲೇಖಕರ ಅಭಿಪ್ರಾಯ. ಇದಕ್ಕೆ ತದ್ವಿರುದ್ಧವಾಗಿ, ಆಯಿಲ್ ಮಟ್ಟ ತಾನಾಗಿಯೇ ಏರಿದರೆ ಹಿಗ್ಗಬೇಡಿ! ಡಿಪ್‌ಸ್ಟಿಕ್ ಮೂಸಿ ನೋಡಿ. ಕಾರ್ಬುರೇಟರ್ ಮಾದರಿಯ ಓಮ್ನಿಯಲ್ಲಿ ಪೆಟ್ರೋಲ್ ಪಂಪ್‌ನ ಪೊರೆ ಹರಿದರೆ ಪೆಟ್ರೋಲ್ ನೇರವಾಗಿ ಆಯಿಲ್‌ಗೆ ಸೇರುತ್ತದೆ. ಅಂತಹ ಗಾಡಿಯನ್ನು ಓಡಿಸದೆ ಮೊದಲು ಪಂಪ್, ಬಳಿಕ ಆಯಿಲ್ ಎರಡನ್ನೂ ಬದಲಿಸಬೇಕು.

ನಂತರದ ಎಂಪಿಎಫ್‌ಐ ಮಾದರಿಗಳವರಿಗೆ ಇನ್ನೊಂದು ಎಚ್ಚರಿಕೆ. ಆಯಿಲ್ ಸುಡುವ ಎಂಜಿನ್ ಕ್ರಮೇಣ ಕ್ಯಾಟಲಿಟಿಕ್ ಕನ್ವರ್ಟರ್ ಅನ್ನೂ ಹಾಳುಗೆಡವುತ್ತದೆ. ಖಾಸಗಿ ವಾಹನದ ನೋಂದಣಿಯನ್ನು 15 ವರ್ಷಗಳ ನಂತರ ಐದೈದು ವರ್ಷಕ್ಕೊಮ್ಮೆ ನವೀಕರಿಸುವಾಗ ಆರ್‌ಟಿಒ ತಪಾಸಣೆ ಎದುರಿಸಬೇಕಿರುವುದರಿಂದ ಹೊಗೆಯ ವಿಷಯ ಅಲ್ಲಿಗೂ ಬೆನ್ನಟ್ಟುತ್ತದೆ.

ಖರೀದಿ ಮತ್ತು ವಿಲೇವಾರಿ

ಕ್ಯಾನ್‌ನಿಂದ ಅಳೆದು ಕೊಡುವ ಬಿಡಿ ಆಯಿಲ್ ಬೇಡವೇ ಬೇಡ. ಸರ್ವೋ, ಎಚ್‌ಪಿ, ಮ್ಯಾಕ್ ಮುಂತಾದ ಸಾರ್ವಜನಿಕ ರಂಗದ ಕಂಪನಿಗಳ ಆಯಿಲ್ ಅವುಗಳ ಪೆಟ್ರೋಲ್ ಬಂಕ್‌ಗಳಲ್ಲೇ ದೊರೆಯುತ್ತದೆ. ಸೀಲ್, ಬ್ಯಾಚ್ ಸಂಖ್ಯೆ, ತಯಾರಿಕೆಯ ತಿಂಗಳು ಪರಿಶೀಲಿಸಿ ರಸೀದಿ ಪಡೆಯಿರಿ. ಖಾಲಿ ಡಬ್ಬಿಗೆ ಅಲ್ಲೇ ತೂತು ಹೊಡೆಯಿರಿ. ನಕಲಿ ಆಯಿಲ್ ತುಂಬುವವರಿಗೆ ಬೇಕಾಗಿರುವುದು ಅಂತಹ ಅಸಲಿ ಡಬ್ಬಿಗಳೇ. ಸಾಧಾರಣ ಖನಿಜ ಆಯಿಲ್ ಅನ್ನು 5,000 ಕಿ.ಮೀ. ಅಥವಾ ಆರು ತಿಂಗಳು, ಯಾವುದು ಮೊದಲೋ ಆಗ, ಫಿಲ್ಟರ್ ಸಮೇತ ಬದಲಿಸುವುದು ಒಳ್ಳೆಯದು.

ತೆಗೆದ ಕರಿ ಆಯಿಲ್ ಅನ್ನು ಬಾಗಿಲು-ತೊಲೆಗಳಿಗೆ ಗೆದ್ದಲು ಹತ್ತದಂತೆ ಬಳಿಯುವುದು, ಉಳಿದದ್ದನ್ನು ಚರಂಡಿಗೆ ಚೆಲ್ಲುವುದು ಹಳ್ಳಿಗಳ ರೂಢಿ. 2016ರ ನಿಯಮಗಳ ಪ್ರಕಾರ ಇದು ಅಪಾಯಕಾರಿ ತ್ಯಾಜ್ಯ. ಬಳಸಿದ ಆಯಿಲ್ ಮರುಸಂಸ್ಕರಣೆಯ ಹೊಣೆಯನ್ನು 2024ರ ಏಪ್ರಿಲ್ 1ರಿಂದ ಉತ್ಪಾದಕರ ಮೇಲೂ ಹೊರಿಸಲಾಗಿದೆ. ದೇವಾಪುರದ ಹಳ್ಳಗಳ ನೀರು ಕೊನೆಗೆ ಸೇರುವುದು ಕೃಷ್ಣೆಯನ್ನು. ಮುಚ್ಚಳವಿರುವ ಕ್ಯಾನ್‌ನಲ್ಲಿ ಸಂಗ್ರಹಿಸಿ, ಬಳಸಿದ ಆಯಿಲ್ ಅನ್ನು ಅಧಿಕೃತ ಸಂಗ್ರಾಹಕರಿಗೆ ಒಪ್ಪಿಸುವ ಸರ್ವಿಸ್ ಕೇಂದ್ರಕ್ಕೆ ಕೊಡಬಹುದು.