ಮೇಜಿನ ಮೇಲೊಂದು ರಣರಂಗ: ಗೆಣ್ಣುದ್ದದ ಸೈನಿಕರು, ಕುಂಚ ಮತ್ತು ದಾಳ

ಕಲ್ಲುಚಪ್ಪಡಿಯ ಮೇಲೆ ಗೆರೆ ಎಳೆದು ಆಡುವ ಹುಲಿ-ಕುರಿ ಆಟ ಗಡಿಭಾಗದ ಹಳ್ಳಿಗಳಿಗೆ ಹೊಸದೇನಲ್ಲ. ತಮಿಳಿನಲ್ಲಿ ಅದು ಆಡು-ಪುಲಿ ಆಟ್ಟಂ, ತೆಲುಗಿನಲ್ಲಿ ಪುಲಿ-ಮೇಕ. ಹುಲಿಗಳು ಕೆಲವೇ, ಕುರಿಗಳು ಹಲವು. ಎರಡೂ ಕಡೆಯ ಬಲ ಒಂದೇ ಅಲ್ಲದಿದ್ದರೂ ಗೆಲ್ಲುವ ದಾರಿ ಇಬ್ಬರಿಗೂ ಇದೆ. ಚದುರಂಗದ ಹೆಸರಿನಲ್ಲಂತೂ ಆನೆ, ಕುದುರೆ, ರಥ, ಕಾಲಾಳು ಎಂಬ ಸೈನ್ಯದ ನಾಲ್ಕು ಅಂಗಗಳೇ ಇವೆ. ಯುದ್ಧವನ್ನು ಆಟವಾಗಿ ಆಡುವ ಈ ಹಳೆಯ ಆಸೆ ಯುರೋಪಿನಲ್ಲಿ ಬೇರೊಂದು ರೂಪ ಪಡೆಯಿತು. ಇಂಗ್ಲೆಂಡ್, ಅಮೆರಿಕ ಮೊದಲಾದ ಕಡೆ ಅದನ್ನು ಟೇಬಲ್‌ಟಾಪ್ ವಾರ್‌ಗೇಮ್ ಎನ್ನುತ್ತಾರೆ. ಅಲ್ಲಿ ಲಕ್ಷಾಂತರ ಮಂದಿಗೆ, ಅದರಲ್ಲೂ ನಡುವಯಸ್ಸಿನ ಗಂಡಸರಿಗೆ, ಇದು ಬಿಡುವಿನ ವೇಳೆಯ ಮುಖ್ಯ ಹವ್ಯಾಸ.

ಈ ಆಟದಲ್ಲಿ ಚೌಕಟ್ಟಿನ ಮಣೆ ಇರುವುದಿಲ್ಲ. ಆರು ಅಡಿ ಉದ್ದ, ನಾಲ್ಕು ಅಡಿ ಅಗಲದ ಮೇಜಿನ ಮೇಲೆ ಹಸಿರು ಬಟ್ಟೆ ಹಾಸಿ, ಥರ್ಮೊಕೋಲಿನ ಗುಡ್ಡ, ರಟ್ಟಿನ ಮನೆ, ಪುಟ್ಟ ಮರ, ಬೇಲಿಗಳನ್ನು ಜೋಡಿಸಿದರೆ ರಣರಂಗ ಸಿದ್ಧ. ಅದರ ಮೇಲೆ ಇಬ್ಬರು ಎದುರಾಳಿಗಳ ಸೈನ್ಯ ನಿಲ್ಲುತ್ತದೆ. ಸೈನಿಕನ ಎತ್ತರ ಸಾಮಾನ್ಯವಾಗಿ 28 ಮಿ.ಮೀ., ಎಂದರೆ ಹೆಬ್ಬೆರಳಿನ ಒಂದು ಗೆಣ್ಣಿನಷ್ಟು. ದೊಡ್ಡ ಕದನಗಳನ್ನು ತೋರಿಸಲು 15 ಮಿ.ಮೀ., 6 ಮಿ.ಮೀ. ಗೊಂಬೆಗಳೂ ಇವೆ. ನಡೆಯನ್ನು ಅಳೆಯುವುದು ಇಂಚಿನ ಟೇಪಿನಿಂದ. ಪೆಟ್ಟು ಬಿತ್ತೇ ಇಲ್ಲವೇ ಎಂಬುದನ್ನು ಹೇಳುವುದು ದಾಳ.

ಮೊದಲು ಕುಂಚ, ಆಮೇಲೆ ಕತ್ತಿ

ಈ ಹವ್ಯಾಸಕ್ಕೆ ಬಂದವರಲ್ಲಿ ಅನೇಕರು ಆಡುವುದಕ್ಕಿಂತ ಹೆಚ್ಚು ಹೊತ್ತು ಬಣ್ಣ ಬಳಿಯುತ್ತಾರೆ. ಗೊಂಬೆಗಳು ಅಂಗಡಿಯಿಂದ ಬರುವುದೇ ಬಣ್ಣವಿಲ್ಲದೆ. ಪ್ಲಾಸ್ಟಿಕ್ ಆದರೆ ಕೈ, ತಲೆ, ಬಂದೂಕು ಎಲ್ಲವೂ ಬೇರೆಬೇರೆಯಾಗಿ ಒಂದು ಚೌಕಟ್ಟಿಗೆ ಅಂಟಿಕೊಂಡಿರುತ್ತವೆ. ಅವನ್ನು ಕತ್ತರಿಸಿ, ಅಚ್ಚಿನ ಎರಡು ಹೋಳು ಕೂಡಿದ ಕಡೆ ಉಳಿದ ಗೆರೆಯನ್ನು ಚಾಕುವಿನಿಂದ ಹೆರೆದು, ಅಂಟು ಹಾಕಿ ಜೋಡಿಸಬೇಕು. ಗೆರೆ ಹೆರೆಯಲು ಬೇಸರಪಟ್ಟವರ ಸೈನಿಕನ ಕೆನ್ನೆಯ ಮೇಲೆ ಬಣ್ಣ ಬಿದ್ದ ಬಳಿಕ ಅದು ಗಾಯದ ಗುರುತಿನಂತೆ ಎದ್ದು ಕಾಣುತ್ತದೆ.

ನಂತರ ಪ್ರೈಮರ್. ಗೋಡೆಗೆ ಬಣ್ಣ ಹೊಡೆಯುವ ಮುನ್ನ ಬಳಿಯುವ ತಳಬಣ್ಣದ ಹಾಗೆಯೇ ಇದು. ಇಲ್ಲದಿದ್ದರೆ ಮೇಲಿನ ಬಣ್ಣ ಉಗುರು ತಾಗಿದರೂ ಎದ್ದು ಬರುತ್ತದೆ. ಅದು ಒಣಗಿದ ಮೇಲೆ ಅಂಗಿ, ಚರ್ಮ, ಪಟ್ಟಿ, ಬೂಟು ಎಂದು ಒಂದೊಂದು ಭಾಗಕ್ಕೆ ಮೂಲ ಬಣ್ಣ. ಈಗ ಬಹುತೇಕರು ಬಳಸುವುದು ನೀರಿನಲ್ಲಿ ಕರಗುವ ಅಕ್ರಿಲಿಕ್. ಬಣ್ಣವನ್ನು ಡಬ್ಬಿಯಿಂದ ನೇರವಾಗಿ ಬಳಿಯಬಾರದು, ಹಾಲಿನಷ್ಟು ತೆಳು ಮಾಡಿಕೊಂಡು ಎರಡು ಸಲ ಬಳಿಯಬೇಕು ಎಂಬುದು ಹೊಸಬರಿಗೆ ಎಲ್ಲರೂ ಹೇಳುವ ಮೊದಲ ಮಾತು. ದಪ್ಪ ಬಣ್ಣ ಮೂಗು, ಗುಂಡಿ, ಬೆರಳುಗಳ ಸೂಕ್ಷ್ಮವನ್ನೆಲ್ಲ ಮುಚ್ಚಿಬಿಡುತ್ತದೆ.

ಅಸಲಿ ಕೈಚಳಕ ಇರುವುದು ಮುಂದಿನ ಹಂತದಲ್ಲಿ. ಗೆಣ್ಣುದ್ದದ ಗೊಂಬೆಯ ಮೇಲೆ ಬೀಳುವ ನೆರಳು ಎಷ್ಟು ಚಿಕ್ಕದೆಂದರೆ ಕಣ್ಣಿಗೆ ಅದು ನೆರಳೆಂದೇ ತೋರುವುದಿಲ್ಲ. ಆದ್ದರಿಂದ ನೆರಳನ್ನೂ ಬೆಳಕನ್ನೂ ಬಣ್ಣದಲ್ಲೇ ಬರೆಯಬೇಕು. ಯಕ್ಷಗಾನದ ವೇಷಧಾರಿ ಚೌಕಿಯಲ್ಲಿ ಕುಳಿತು ಹುಬ್ಬು, ಕಣ್ಣುಗಳನ್ನು ಇದ್ದುದಕ್ಕಿಂತ ದೊಡ್ಡದಾಗಿ ಬರೆದುಕೊಳ್ಳುವುದು ದೂರದ ಪ್ರೇಕ್ಷಕನಿಗೆ ಕಾಣಲೆಂದು ತಾನೆ? ಇಲ್ಲಿಯ ಲೆಕ್ಕವೂ ಅದೇ. ಮೂರಡಿ ದೂರದಿಂದ ನೋಡಿದಾಗ ಮುಖ ಮುಖದಂತೆ ಕಾಣಬೇಕು. ಇದಕ್ಕೆ ಎರಡು ಸುಲಭ ಉಪಾಯಗಳಿವೆ. ಒಂದು, ತೀರ ನೀರಾದ ಕಂದು ಇಲ್ಲವೆ ಕಪ್ಪು ಬಣ್ಣವನ್ನು ಮೈತುಂಬ ಹರಿಸುವುದು. ಅದು ಬಟ್ಟೆಯ ಮಡಿಕೆಗಳಲ್ಲಿ ಇಳಿದು ತಾನಾಗಿ ನೆರಳಾಗುತ್ತದೆ. ಇನ್ನೊಂದು, ತಿಳಿ ಬಣ್ಣದಲ್ಲಿ ಅದ್ದಿದ ಕುಂಚವನ್ನು ಬಟ್ಟೆಗೆ ಒರೆಸಿ ಬಹುತೇಕ ಒಣಗಿಸಿ, ಗೊಂಬೆಯ ಮೇಲೆ ಹಗುರಾಗಿ ಸವರುವುದು. ಆಗ ಉಬ್ಬಿದ ಅಂಚುಗಳಿಗಷ್ಟೇ ಬಣ್ಣ ಹತ್ತಿ ಬೆಳಕು ಬಿದ್ದಂತಾಗುತ್ತದೆ. ಕೂದಲು, ಸರಪಳಿ ಅಂಗಿ, ಕುದುರೆಯ ಕೇಸರಗಳಿಗೆ ಇದು ಹೇಳಿ ಮಾಡಿಸಿದ್ದು. ನುರಿತವರು ಇದರ ಮೇಲೆ ಒಂದೇ ಬಣ್ಣದ ನಾಲ್ಕೈದು ಛಾಯೆಗಳನ್ನು ಪದರಪದರವಾಗಿ ಏರಿಸುತ್ತಾರೆ. ಒಬ್ಬ ಸೈನಿಕನಿಗೆ ಅರ್ಧ ಗಂಟೆ ಸಾಕು ಎನ್ನುವವರೂ ಇದ್ದಾರೆ, ಒಂದು ತಿಂಗಳು ಹಿಡಿಯುವವರೂ ಇದ್ದಾರೆ. ಕೊನೆಗೆ ವಾರ್ನಿಷ್, ಆಡುವಾಗ ಕೈಬೆವರು ತಾಗಿ ಬಣ್ಣ ಅಳಿಯಬಾರದಲ್ಲ. ಗೊಂಬೆ ನಿಲ್ಲುವ ಬಿಲ್ಲೆಗೆ ಅಂಟು ಸವರಿ ಮರಳು ಉದುರಿಸಿದರೆ ಕೆಲಸ ಮುಗಿಯಿತು.

ಒಂದು ಎಚ್ಚರಿಕೆ ಇಲ್ಲೇ ಹೇಳಬೇಕು. ಹಳೆಯ ಲೋಹದ ಗೊಂಬೆಗಳಲ್ಲಿ ಸೀಸ ಇರುತ್ತಿತ್ತು. ಅಂಥವನ್ನು ಉಜ್ಜಿದ ಪುಡಿ ಒಳಗೆ ಹೋದರೆ ವಿಷ, ಮಕ್ಕಳಿಗೆ ಇನ್ನೂ ಅಪಾಯ. ಕುಂಚದ ತುದಿಯನ್ನು ನಾಲಿಗೆಯಲ್ಲಿ ಚೂಪು ಮಾಡುವ ಅಭ್ಯಾಸವೂ ಒಳ್ಳೆಯದಲ್ಲ.

ರಾಜನ ಮೇಜಿನಿಂದ ಸೈನ್ಯದ ಶಾಲೆಗೆ

ಚದುರಂಗವನ್ನು ನಿಜವಾದ ಯುದ್ಧಕ್ಕೆ ಹತ್ತಿರ ತರುವ ಯತ್ನ ಜರ್ಮನ್ ಪ್ರದೇಶದಲ್ಲಿ ಆರಂಭವಾಯಿತು. 1780ರಲ್ಲಿ ಬ್ರೌನ್‌ಷ್ವೈಗ್‌ನ ಹೆಲ್‌ವಿಗ್ ಎಂಬ ಶಿಕ್ಷಕ ಸಾವಿರಕ್ಕೂ ಹೆಚ್ಚು ಚೌಕಗಳ ಮಣೆಯೊಂದನ್ನು ರಚಿಸಿ, ಚೌಕಗಳಿಗೆ ಬಣ್ಣ ಹಚ್ಚಿ ಬೆಟ್ಟ, ನದಿ, ಕಾಡುಗಳನ್ನು ತೋರಿಸಿದ. 1812ರಲ್ಲಿ ರೈಸ್‌ವಿಟ್ಸ್ ಎಂಬ ಅಧಿಕಾರಿ ಚೌಕಗಳನ್ನೇ ಬಿಟ್ಟು, ಗಾರೆಯಿಂದ ಮಾಡಿದ ನೆಲದ ತುಂಡುಗಳನ್ನು ಬೇಕಾದಂತೆ ಜೋಡಿಸುವ ಮೇಜನ್ನು ಪ್ರಷ್ಯದ ದೊರೆಗೆ ಒಪ್ಪಿಸಿದ. ಇದನ್ನು ಸೈನ್ಯಕ್ಕೆ ಉಪಯೋಗವಾಗುವಂತೆ ಮಾಡಿದವನು ಅವನ ಮಗ, ಫಿರಂಗಿ ದಳದ ಲೆಫ್ಟಿನೆಂಟ್. 1824ರಲ್ಲಿ ಅವನು ಪ್ರಕಟಿಸಿದ ಆಟದಲ್ಲಿ ಮೇಜಿನ ಬದಲು 1:8000 ಅಳತೆಯ ನಕ್ಷೆ, ಗೊಂಬೆಗಳ ಬದಲು ಕೆಂಪು-ನೀಲಿ ತುಂಡುಗಳು. ಒಂದು ಸುತ್ತು ಎಂದರೆ ಯುದ್ಧದ ಎರಡು ನಿಮಿಷ. ಆಟಗಾರ ತನ್ನ ಆಜ್ಞೆಯನ್ನು ಬರೆದು ಮಧ್ಯಸ್ಥನಿಗೆ ಕೊಡುತ್ತಾನೆ. ಶತ್ರು ಕಣ್ಣಿಗೆ ಬೀಳುವಷ್ಟು ಹತ್ತಿರ ಬರುವ ತನಕ ಅವನ ತುಂಡುಗಳನ್ನು ಮಧ್ಯಸ್ಥ ನಕ್ಷೆಯ ಮೇಲೆ ಇಡುವುದೇ ಇಲ್ಲ. ಗುಂಡೇಟಿನ ಫಲವನ್ನು ದಾಳ ಮತ್ತು ಕೋಷ್ಟಕ ನೋಡಿ ನಿರ್ಧರಿಸುತ್ತಾನೆ. ಇದನ್ನು ಕಂಡ ಸೇನಾ ಮುಖ್ಯಸ್ಥ ಮ್ಯೂಫ್ಲಿಂಗ್, ಇದು ಬರೀ ಆಟವಲ್ಲ, ಯುದ್ಧದ ಶಿಕ್ಷಣ ಎಂದು ಮೆಚ್ಚಿ ಇಡೀ ಸೈನ್ಯಕ್ಕೆ ಶಿಫಾರಸು ಮಾಡಿದ. ದುರದೃಷ್ಟವೆಂದರೆ ಆ ಯುವಕ 1827ರಲ್ಲಿ ಆತ್ಮಹತ್ಯೆ ಮಾಡಿಕೊಂಡ. 1870-71ರಲ್ಲಿ ಪ್ರಷ್ಯ ಫ್ರಾನ್ಸನ್ನು ಸೋಲಿಸಿದ ಬಳಿಕ ಬೇರೆ ದೇಶಗಳ ಸೈನ್ಯಗಳೂ ಈ ಆಟವನ್ನು ಕಲಿಯಲು ಮುಂದಾದವು.

ಅತ್ತ ಮಕ್ಕಳ ಕೋಣೆಯಲ್ಲಿ ಇನ್ನೊಂದು ಧಾರೆ ಹರಿಯುತ್ತಿತ್ತು. ನ್ಯೂರೆಂಬರ್ಗ್‌ನ ಕುಶಲಕರ್ಮಿಗಳು 18ನೆಯ ಶತಮಾನದಿಂದಲೇ ತವರದ ಚಪ್ಪಟೆ ಸೈನಿಕರನ್ನು ಎರಕ ಹೊಯ್ಯುತ್ತಿದ್ದರು. 1893ರಲ್ಲಿ ಲಂಡನ್ನಿನ ಬ್ರಿಟನ್ಸ್ ಕಂಪೆನಿ ಒಳಗೆ ಟೊಳ್ಳಾದ ಸೀಸದ ಸೈನಿಕರನ್ನು ತಂದಿತು. ಲೋಹ ಕಡಿಮೆ ಬೀಳುವುದರಿಂದ ಬೆಲೆಯೂ ಇಳಿಯಿತು, ಸೈನಿಕರು ಸಾಮಾನ್ಯರ ಮನೆಗೂ ಬಂದರು. ವೈಜ್ಞಾನಿಕ ಕಾದಂಬರಿಗಳಿಂದ ಪ್ರಸಿದ್ಧನಾದ ಎಚ್.ಜಿ. ವೆಲ್ಸ್ ಇದೇ ಗೊಂಬೆಗಳನ್ನು ನೆಲದ ಮೇಲೆ ಹರವಿ, ಸ್ಪ್ರಿಂಗ್ ತೋಪಿನಿಂದ ಕಡ್ಡಿ ಹಾರಿಸಿ ಗೆಳೆಯರೊಂದಿಗೆ ಆಡುತ್ತಿದ್ದ. 1913ರಲ್ಲಿ ಆತ ಬರೆದ ‘ಲಿಟ್ಲ್ ವಾರ್ಸ್’ ಈ ಹವ್ಯಾಸದ ಮೊದಲ ಜನಪ್ರಿಯ ನಿಯಮಗ್ರಂಥ. ವೆಲ್ಸ್ ಯುದ್ಧಪ್ರೇಮಿಯಾಗಿರಲಿಲ್ಲ. ಗೊಂಬೆ ಯುದ್ಧವನ್ನು ನಾಲ್ಕು ಸಲ ಆಡಿದವನಿಗೆ ನಿಜ ಯುದ್ಧ ಎಂಥ ಅವಿವೇಕವೆಂದು ತಿಳಿಯುತ್ತದೆ ಎಂಬುದು ಅವನ ವಾದ. ಮರುವರ್ಷವೇ ಮೊದಲ ಮಹಾಯುದ್ಧ ಹತ್ತಿಕೊಂಡಿತು.

ದಾಳ ಹೇಳಿದ್ದನ್ನು ಕೇಳಿದವರು, ಕೇಳದವರು

ಮೇಜಿನ ಆಟ ಎಷ್ಟರ ಮಟ್ಟಿಗೆ ನಿಜ ಹೇಳಬಲ್ಲದು? ಎರಡನೆಯ ಮಹಾಯುದ್ಧದ ಎರಡು ಪ್ರಸಂಗಗಳನ್ನು ಅಕ್ಕಪಕ್ಕ ಇಟ್ಟು ನೋಡಬಹುದು. ಎರಡೂ 1942ರವು.

ಆ ವರ್ಷದ ಜನವರಿಯಲ್ಲಿ ಬ್ರಿಟಿಷ್ ನೌಕಾಪಡೆ ಲಿವರ್‌ಪೂಲ್‌ನಲ್ಲಿ ಒಂದು ವಿಶೇಷ ಘಟಕ ತೆರೆಯಿತು. ಜರ್ಮನ್ ಜಲಾಂತರ್ಗಾಮಿಗಳು ಅಟ್ಲಾಂಟಿಕ್‌ನಲ್ಲಿ ಆಹಾರ, ಸಾಮಗ್ರಿ ಹೊತ್ತ ಹಡಗುಗಳನ್ನು ಸಾಲುಸಾಲಾಗಿ ಮುಳುಗಿಸುತ್ತಿದ್ದ ಕಾಲ. ಘಟಕದ ಮುಖ್ಯಸ್ಥ ಗಿಲ್ಬರ್ಟ್ ರಾಬರ್ಟ್ಸ್ ಕ್ಷಯದಿಂದಾಗಿ ಸೇವೆಯಿಂದ ನಿವೃತ್ತನಾಗಿದ್ದವನು. ಜತೆಗಿದ್ದವರಲ್ಲಿ ಹೆಚ್ಚಿನವರು ನೌಕಾಪಡೆಯ ಮಹಿಳಾ ವಿಭಾಗಕ್ಕೆ ಸೇರಿದ ತರುಣಿಯರು. ಅವರು ನೆಲವನ್ನೇ ಸಮುದ್ರವಾಗಿಸಿ, ಪುಟ್ಟ ಹಡಗುಗಳನ್ನಿಟ್ಟು ಹಿಂದಿನ ದಾಳಿಗಳನ್ನು ಮತ್ತೆ ಆಡಿ ನೋಡಿದರು. ಆಡುವವರು ಕ್ಯಾನ್‌ವಾಸ್ ಪರದೆಯ ಹಿಂದೆ ನಿಂತು ಸಣ್ಣ ಕಂಡಿಯಿಂದ ಕಂಡಷ್ಟನ್ನೇ ನೋಡಬೇಕಿತ್ತು. ಶತ್ರು ಹಡಗುಸಾಲಿನ ಹೊರಗಿನಿಂದಲ್ಲ, ರಾತ್ರಿ ಹಿಂದಿನಿಂದ ಸಾಲಿನೊಳಕ್ಕೇ ನುಸುಳಿ ಹೊಡೆಯುತ್ತಿದ್ದಾನೆ ಎಂಬುದು ಈ ಆಟದಲ್ಲಿ ಹೊಳೆಯಿತು. ಅದಕ್ಕೆ ಪ್ರತಿಯಾಗಿ ರೂಪಿಸಿದ ತಂತ್ರಕ್ಕೆ ‘ರಾಸ್‌ಬೆರಿ’ ಎಂದು ಹೆಸರಿಟ್ಟವಳು ಜೀನ್ ಲೇಡ್‌ಲಾ. ಸ್ವತಃ ಜಲಾಂತರ್ಗಾಮಿ ಅಧಿಕಾರಿಯಾಗಿದ್ದ ಅಡ್ಮಿರಲ್ ಮ್ಯಾಕ್ಸ್ ಹಾರ್ಟನ್ ಆಟದಲ್ಲಿ ಶತ್ರುವಿನ ಪಾತ್ರ ವಹಿಸಿ ಜ್ಯಾನೆಟ್ ಓಕೆಲ್ ಎಂಬ ತರುಣಿಯ ಎದುರು ಐದು ಸಲ ಸೋತನೆಂದು ಹೇಳುತ್ತಾರೆ. ಅವನು ಮುನಿಸಿಕೊಂಡು ಘಟಕವನ್ನು ಮುಚ್ಚಿಸಲಿಲ್ಲ. ಯುದ್ಧ ಮುಗಿಯುವವರೆಗೂ ಅಲ್ಲಿ ಸಾವಿರಾರು ಅಧಿಕಾರಿಗಳಿಗೆ ತರಬೇತಿ ನಡೆಯಿತು.

ಅದೇ ವರ್ಷದ ಮೇ ತಿಂಗಳಲ್ಲಿ ಜಪಾನಿನ ನೌಕಾಪಡೆ ಮಿಡ್‌ವೇ ದ್ವೀಪದ ಮೇಲಿನ ದಾಳಿಯನ್ನು ‘ಯಮಾಟೊ’ ಹಡಗಿನಲ್ಲಿ ಆಡಿ ನೋಡಿತು. ಜಪಾನಿ ಅಧಿಕಾರಿ ಮಿತ್ಸುವೊ ಫುಚಿದಾ ಬರೆದಿಟ್ಟ ಪ್ರಕಾರ, ಅಮೆರಿಕದ ವಿಮಾನಗಳು ಜಪಾನಿನ ವಿಮಾನವಾಹಕ ಹಡಗುಗಳಿಗೆ ಒಂಬತ್ತು ಬಾಂಬು ಹಾಕಿದವೆಂದು ದಾಳದಲ್ಲಿ ಬಿತ್ತು. ಅಧ್ಯಕ್ಷತೆ ವಹಿಸಿದ್ದ ಅಡ್ಮಿರಲ್ ಉಗಾಕಿ ಅದನ್ನು ಮೂರಕ್ಕೆ ಇಳಿಸಿದ. ಆಗಲೂ ಮುಳುಗಿದ ‘ಕಾಗಾ’ ಮುಂದಿನ ಆಟದಲ್ಲಿ ಮತ್ತೆ ತೇಲಿತು. ಜೂನ್‌ನಲ್ಲಿ ನಿಜವಾದ ಕದನ ನಡೆದಾಗ ‘ಕಾಗಾ’ ಸೇರಿ ಜಪಾನಿನ ನಾಲ್ಕು ವಿಮಾನವಾಹಕಗಳು ಮುಳುಗಿದವು. ದಾಳ ಭವಿಷ್ಯ ನುಡಿಯಿತು ಎಂದಲ್ಲ. ಹೀಗೂ ಆಗಬಹುದು ಎಂದು ಅದು ತೋರಿಸಿದ್ದನ್ನು ದೊಡ್ಡವರು ಒರೆಸಿಹಾಕಿದರು, ಅಷ್ಟೆ.

ನಾಟಿಂಗ್‌ಹ್ಯಾಮ್‌ನ ರಾಕ್ಷಸರು

ಯುದ್ಧಾನಂತರ ಈ ಹವ್ಯಾಸವನ್ನು ಬೆಳೆಸಿದವರು ಕಂಪೆನಿಗಳಲ್ಲ, ಅಭಿಮಾನಿಗಳು. ಸೌತಾಂಪ್ಟನ್‌ನ ಫಿಸಿಯೋಥೆರಪಿಸ್ಟ್ ಡೊನಾಲ್ಡ್ ಫೆದರ್‌ಸ್ಟೋನ್ 1962ರಲ್ಲಿ ‘ವಾರ್ ಗೇಮ್ಸ್’ ಎಂಬ ಪುಸ್ತಕ ಬರೆದ. ಏರ್‌ಫಿಕ್ಸ್‌ನ ಅಗ್ಗದ ಪ್ಲಾಸ್ಟಿಕ್ ಸೈನಿಕರು ಆಗಲೇ ಅಂಗಡಿಗೆ ಬಂದಿದ್ದರು. ವಾಟರ್‌ಲೂ, ಗೆಟಿಸ್‌ಬರ್ಗ್‌ಗಳಂತೆ ನಮ್ಮ ನೆಲದ ಕದನಗಳೂ ಈ ಮೇಜುಗಳ ಮೇಲೆ ಏರಿವೆ. ಮಹಾರಾಷ್ಟ್ರದ ಜಾಲ್ನಾ ಜಿಲ್ಲೆಯ ಅಸ್ಸಾಯೆಯಲ್ಲಿ 1803ರಲ್ಲಿ ಮರಾಠಾ ಸೈನ್ಯದ ವಿರುದ್ಧ ವೆಲ್ಲೆಸ್ಲಿ ನಡೆಸಿದ ಕದನ ಅವುಗಳಲ್ಲೊಂದು. ಮರಾಠರ ಕಡೆ ಆಡುವವನು ಇತಿಹಾಸವನ್ನು ತಿರುಗಿಸಲೂಬಹುದು.

1971ರಲ್ಲಿ ಅಮೆರಿಕದ ಗ್ಯಾರಿ ಗೈಗಾಕ್ಸ್ ಮತ್ತು ಜೆಫ್ ಪೆರೆನ್ ‘ಚೈನ್‌ಮೇಲ್’ ನಿಯಮಗಳಿಗೆ ಮಾಂತ್ರಿಕರು, ಡ್ರ್ಯಾಗನ್‌ಗಳನ್ನು ಸೇರಿಸಿದರು. 1975ರಲ್ಲಿ ಲಂಡನ್ನಿನಲ್ಲಿ ಮೂವರು ಗೆಳೆಯರು ಆರಂಭಿಸಿದ ಗೇಮ್ಸ್ ವರ್ಕ್‌ಶಾಪ್, 1983ರಲ್ಲಿ ‘ವಾರ್‌ಹ್ಯಾಮರ್’, 1987ರಲ್ಲಿ ದೂರದ ಭವಿಷ್ಯದಲ್ಲಿ ನಡೆಯುವ ‘ವಾರ್‌ಹ್ಯಾಮರ್ 40,000’ ಆಟಗಳನ್ನು ತಂದಿತು. ನಾಟಿಂಗ್‌ಹ್ಯಾಮ್‌ನಲ್ಲಿ ನೆಲೆನಿಂತ ಈ ಕಂಪೆನಿ 2024ರ ಡಿಸೆಂಬರ್‌ನಲ್ಲಿ ಲಂಡನ್ ಷೇರುಪೇಟೆಯ ನೂರು ದೊಡ್ಡ ಕಂಪೆನಿಗಳ ಸೂಚ್ಯಂಕಕ್ಕೆ ಸೇರಿತು. ಗೊಂಬೆ ಮಾರುವವರು ಬ್ಯಾಂಕು, ತೈಲ ಕಂಪೆನಿಗಳ ಸಾಲಿನಲ್ಲಿ ಕೂತದ್ದು ಸಣ್ಣ ಮಾತಲ್ಲ.

ಆದರೆ ಅದೇ ಈಗ ಹವ್ಯಾಸಿಗಳ ತಕರಾರೂ ಹೌದು. ಹತ್ತು ಸೈನಿಕರ ಪೆಟ್ಟಿಗೆಗೆ 35-40 ಪೌಂಡ್ ಬೆಲೆ. ಕೆಲವು ವರ್ಷಕ್ಕೊಮ್ಮೆ ನಿಯಮ ಪುಸ್ತಕದ ಹೊಸ ಆವೃತ್ತಿ ಬರುತ್ತದೆ, ನಿನ್ನೆ ಬಲವಾಗಿದ್ದ ಪಡೆ ಇಂದು ದುರ್ಬಲವಾಗುತ್ತದೆ. ಕಂಪೆನಿಯ ಅಂಗಡಿಯಲ್ಲಿ ಬೇರೆಯವರ ಗೊಂಬೆ ಇಟ್ಟು ಆಡುವಂತಿಲ್ಲ. ಇದಕ್ಕೆ ಉತ್ತರವಾಗಿ ಹಲವರು ಸಣ್ಣ ಕಂಪೆನಿಗಳ ಅಗ್ಗದ ಐತಿಹಾಸಿಕ ಗೊಂಬೆಗಳತ್ತ ಹೋಗಿದ್ದಾರೆ. ಇನ್ನು ಕೆಲವರು ಮನೆಯಲ್ಲೇ ತ್ರೀ-ಡಿ ಪ್ರಿಂಟರ್ ಇಟ್ಟುಕೊಂಡು ರೆಸಿನ್ ಗೊಂಬೆಗಳನ್ನು ತೆಗೆಯುತ್ತಾರೆ. ಹಸಿ ರೆಸಿನ್ ಚರ್ಮಕ್ಕೆ ತಾಗಬಾರದು, ಕೈಗವಸು ಬೇಕೇ ಬೇಕು.

ಕಡಿಮೆ ಖರ್ಚಿನಲ್ಲಿ ಆರಂಭಿಸಬೇಕೆನ್ನುವವರಿಗೆ 1990ರಲ್ಲಿ ಬಂದ ‘ಡಿ.ಬಿ.ಎ.’ ಎಂಬ ನಿಯಮ ಅನುಕೂಲ. ಪ್ರಾಚೀನ ಮತ್ತು ಮಧ್ಯಯುಗದ ಕದನಗಳಿಗಾಗಿ ಬರೆದ ಇದರಲ್ಲಿ ಒಂದು ಸೈನ್ಯಕ್ಕೆ ಹನ್ನೆರಡೇ ತುಕಡಿಗಳು. 15 ಮಿ.ಮೀ. ಗೊಂಬೆಗಳಾದರೆ ಎರಡಡಿ ಚೌಕದ ಹಲಗೆ ಸಾಕು, ಒಂದು ಗಂಟೆಯಲ್ಲಿ ಆಟ ಮುಗಿಯುತ್ತದೆ. ಲೋಹದ ಗೊಂಬೆಯೇ ಆಗಬೇಕೆಂದೂ ಇಲ್ಲ. ದಪ್ಪ ಕಾಗದದ ಮೇಲೆ ಸೈನಿಕರನ್ನು ಬರೆದು ಕತ್ತರಿಸಿ ರಟ್ಟಿನ ಬಿಲ್ಲೆಗೆ ನಿಲ್ಲಿಸಿ ಆಡುವ ಪದ್ಧತಿ ಯುರೋಪಿನಲ್ಲಿ ಹಳೆಯದು, ಈಗಲೂ ಇದೆ. ಮಕ್ಕಳ ವಾಟರ್ ಕಲರ್ ಡಬ್ಬಿ, ಕತ್ತರಿ, ಇಂಚುಪಟ್ಟಿ, ಎರಡು ದಾಳ ಇದ್ದರೆ ದಸರಾ ರಜೆಯೊಳಗೆ ಎರಡು ಸೈನ್ಯ ಎದ್ದು ನಿಲ್ಲುತ್ತವೆ.