ಹೃದಯ ವೈಫಲ್ಯದಲ್ಲಿ ಮೂತ್ರಪಿಂಡಗಳ ಸ್ಥಿತಿ

ದೇಹಕ್ಕೆ ಬೇಕಾದಷ್ಟು ರಕ್ತವನ್ನು ಹೃದಯ ಪಂಪ್ ಮಾಡಲಾಗದ ಸ್ಥಿತಿಯೇ ಹೃದಯ ವೈಫಲ್ಯ. ರೋಗಿಯ ಮುಂದಿನ ಆಯುಷ್ಯವನ್ನು ಅಂದಾಜು ಮಾಡಲು ಎಕೋ ವರದಿಯಷ್ಟೇ ಮುಖ್ಯವಾದುದು ಮೂತ್ರಪಿಂಡಗಳ ಕಾರ್ಯಶಕ್ತಿ. 2000ರಲ್ಲಿ ನೆದರ್ಲೆಂಡ್ಸ್‌ನ ಹಿಲ್ಲೆಗೆ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿ, ಸಾವಿನ ಅಪಾಯವನ್ನು ಹೃದಯದ ಪಂಪ್ ಶಕ್ತಿಗಿಂತ ಮೂತ್ರಪಿಂಡಗಳ ಸೋಸುವಿಕೆಯ ಪ್ರಮಾಣವೇ (ಜಿಎಫ್ಆರ್) ಚೆನ್ನಾಗಿ ಸೂಚಿಸಿತು.

ಹೃದಯ ಹೊರಹಾಕುವ ರಕ್ತದಲ್ಲಿ ಸುಮಾರು ಐದನೇ ಒಂದು ಪಾಲು ಮೂತ್ರಪಿಂಡಗಳಿಗೆ ಹೋಗುತ್ತದೆ. ಅದು ಕಡಿಮೆಯಾದಾಗ ಅವು ಉಪ್ಪು, ನೀರನ್ನು ದೇಹದಲ್ಲೇ ಹಿಡಿದಿಡುತ್ತವೆ. ಕಾಲು ಬಾಯುತ್ತದೆ, ಮಲಗಿದರೆ ದಮ್ಮು ಹತ್ತುತ್ತದೆ. ಅಭಿಧಮನಿಗಳಲ್ಲಿ ಒತ್ತಡ ಏರಿದಾಗಲೂ ಸೋಸುವಿಕೆ ಕುಗ್ಗುತ್ತದೆ.

ಧಾರವಾಡ ಜಿಲ್ಲೆಯ ನವಲಗುಂದ, ಕುಂದಗೋಳ, ಅಣ್ಣಿಗೇರಿ, ಕಲಘಟಗಿಯಂಥ ಕಡೆ ಮೊದಲು ಕೈಗೆ ಬರುವುದು ರಕ್ತದ ಕ್ರಿಯಾಟಿನಿನ್ (ಸ್ನಾಯುಗಳಲ್ಲಿ ತಯಾರಾಗಿ ಮೂತ್ರಪಿಂಡಗಳು ಹೊರಹಾಕುವ ತ್ಯಾಜ್ಯ) ವರದಿ. ಅದನ್ನು ಓದುವಾಗ ಎಚ್ಚರ ಬೇಕು. ಕ್ರಿಯಾಟಿನಿನ್ 1.2 ಇರುವ 25 ವರ್ಷದ ಯುವಕನ ಜಿಎಫ್ಆರ್ ಸುಮಾರು 86, ಅದೇ 1.2 ಇರುವ 70 ವರ್ಷದ ಅಜ್ಜಿಯದು 49ರ ಆಸುಪಾಸು. ಹೊಲದಲ್ಲಿ ದುಡಿದು ಸೊರಗಿದ, ಸ್ನಾಯು ಕರಗಿದ ದೇಹದಲ್ಲಿ ಕ್ರಿಯಾಟಿನಿನ್ ತಯಾರಾಗುವುದೇ ಕಡಿಮೆ. ಹಾಗಾಗಿ ನಿಜವಾದ ಸ್ಥಿತಿ ಈ ಲೆಕ್ಕಕ್ಕಿಂತಲೂ ಕೆಟ್ಟಿರಬಹುದು. ‘ನಾರ್ಮಲ್’ ಎಂದು ವರದಿಯನ್ನು ಮಡಚಿಡುವ ಮುನ್ನ ಜಿಎಫ್ಆರ್ ಲೆಕ್ಕ ಹಾಕಲೇಬೇಕು. ಮೂರು ತಿಂಗಳಿಗೂ ಮೀರಿ ಅದು 60ಕ್ಕಿಂತ ಕೆಳಗಿದ್ದರೆ ದೀರ್ಘಕಾಲಿಕ ಮೂತ್ರಪಿಂಡ ಕಾಯಿಲೆ ಎಂದರ್ಥ.

ಇಡೀ ದಿನ ಕಳೆ ತೆಗೆದು ಸೊಂಟ ಹಿಡಿದವರು ಮೆಡಿಕಲ್ ಅಂಗಡಿಯಿಂದ ತಂದು ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಮಾತ್ರೆಗಳು ಹೃದಯ ವೈಫಲ್ಯದ ರೋಗಿಗಳಿಗೆ ಅಪಾಯಕಾರಿ. ಅವು ಮೂತ್ರಪಿಂಡದ ರಕ್ತಸಂಚಾರವನ್ನು ತಗ್ಗಿಸಿ, ಉಪ್ಪು-ನೀರು ದೇಹದಲ್ಲೇ ಉಳಿಯುವಂತೆ ಮಾಡುತ್ತವೆ. ಉಪ್ಪಿನಕಾಯಿ, ಮಜ್ಜಿಗೆ ಮೆಣಸಿನಕಾಯಿಯ ಉಪ್ಪೂ ಬಾವು ಹೆಚ್ಚಿಸುತ್ತದೆ. ಪೊಟ್ಯಾಸಿಯಂ ಹಿಡಿದಿಡುವ ಸ್ಪೈರೊನೊಲ್ಯಾಕ್ಟೋನ್ ಮಾತ್ರೆ ತೆಗೆದುಕೊಳ್ಳುವವರಿಗೆ ಎಳನೀರು ಅತಿಯಾದರೆ ಪೊಟ್ಯಾಸಿಯಂ ಏರಿ ಹೃದಯದ ಲಯವೇ ಕೆಡಬಹುದು. ಬೇಸಿಗೆಯಲ್ಲಿ ವಾಂತಿ-ಭೇದಿಯಾದರೆ ಮೂತ್ರ ಹೆಚ್ಚಿಸುವ ಮಾತ್ರೆಯ ಪ್ರಮಾಣದ ಬಗ್ಗೆ ಅಂದೇ ವೈದ್ಯರನ್ನು ಕೇಳಬೇಕು.

ಕ್ರಿಯಾಟಿನಿನ್ ಏರಿದ್ದೆಲ್ಲ ಕೆಟ್ಟ ಸೂಚನೆಯಲ್ಲ. ಹೃದಯ ವೈಫಲ್ಯಕ್ಕೆ ಕೊಡುವ ಎನಾಲಾಪ್ರಿಲ್ ಥರದ ಔಷಧಿ ಶುರುವಾದಾಗ ಶೇ. 30ರವರೆಗಿನ ಏರಿಕೆಯನ್ನು ಸಾಮಾನ್ಯವಾಗಿ ಸಹಿಸಬಹುದು. ಹೆದರಿ ಔಷಧಿ ಬಿಟ್ಟರೆ ಆಯುಷ್ಯ ಉಳಿಸುವ ಚಿಕಿತ್ಸೆಯೇ ಕೈತಪ್ಪುತ್ತದೆ. ಬಾವು ಇಳಿಯುತ್ತಿರುವಾಗಿನ ಅಲ್ಪ ಏರಿಕೆಗೂ ಇದೇ ಮಾತು. ಆದರೆ ಬಾವು ಇಳಿಯದೆ ಕ್ರಿಯಾಟಿನಿನ್ ಏರುತ್ತಿದ್ದರೆ ಅಪಾಯ ಹೆಚ್ಚು. 2019ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಮೊದಲು ಸಕ್ಕರೆ ಕಾಯಿಲೆಗೆ ಬಳಸುತ್ತಿದ್ದ ಡಪಾಗ್ಲಿಫ್ಲೋಜಿನ್, ಸಕ್ಕರೆ ಕಾಯಿಲೆ ಇಲ್ಲದ ಹೃದಯ ವೈಫಲ್ಯದ ರೋಗಿಗಳಲ್ಲೂ ಹೃದಯ ವೈಫಲ್ಯ ಉಲ್ಬಣಿಸುವ ಇಲ್ಲವೇ ಹೃದ್ರೋಗದಿಂದ ಸಾಯುವ ಒಟ್ಟಾರೆ ಅಪಾಯವನ್ನು ತಗ್ಗಿಸಿತು. ಈ ಔಷಧಿ ಮೂತ್ರಪಿಂಡಗಳ ಕುಸಿತವನ್ನೂ ನಿಧಾನಗೊಳಿಸುತ್ತದೆ.

ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್) ಆಸ್ಪತ್ರೆ‌ಗೋ ಸತ್ತೂರಿನ ಎಸ್‌ಡಿಎಂ ಆಸ್ಪತ್ರೆಗೋ ಹೋಗುವಾಗ ಹಳೆಯ ಕ್ರಿಯಾಟಿನಿನ್ ವರದಿಗಳನ್ನೂ ನುಂಗುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿಯನ್ನೂ ಒಯ್ಯಬೇಕು. ಏರಿಕೆ ಹೊಸದೋ ಹಳೆಯದೋ ಎಂದು ವೈದ್ಯರು ನಿರ್ಧರಿಸುವುದು ಅವುಗಳಿಂದಲೇ.